ನರಿ ಟೊಮೆಟೊ

"ಬಾಯಿ ತೆಗಿ," ಎಂದರು ಸಾಹೇಬರು.

ಡ್ರೈವರ್ ಬಾಯಿ ತೆಗೆದ. ಸಾಹೇಬರು ಬಗ್ಗಿ ಮೂಸಿದರು. ಬೀಡಿ. ಮುಖ ಕಿವುಚಿ ಕಾವಲುಗಾರನ ಕಡೆ ತಿರುಗಿದರು. ಈರುಳ್ಳಿ. ಕೊನೆಗೆ ಬೀಜ ವಿಭಾಗದ ಮೇಡಂ.

"ಲವಂಗ ಯಾಕೆ?"

"ಹಲ್ಲುನೋವು ಸರ್."

ಅವರ ಉಸಿರು ಅವಳ ಮುಖಕ್ಕೇ ಬಡಿಯಿತು. ಮಧ್ಯಾಹ್ನ ಯಾರದೋ ಡಬ್ಬಿಯಿಂದ ಎತ್ತಿ ತಿಂದಿದ್ದ ಮೊಟ್ಟೆ ಆ ಉಸಿರಿನಲ್ಲಿ ಇನ್ನೂ ಇತ್ತು. ಅವಳು ಮೂಗು ಮುಚ್ಚಿಕೊಳ್ಳಲಾಗದೆ ಉಸಿರು ಬಿಗಿಹಿಡಿದಳು.

ಕೃಷಿ ಸಂಶೋಧನಾ ಕೇಂದ್ರದ ಹಸಿರುಮನೆಯಿಂದ ನರಿ ಟೊಮೆಟೊದ ಕೊನೆಯ ನಾಲ್ಕು ಹಣ್ಣು ಮಾಯವಾಗಿದ್ದವು. ಗೋಲಿ ಗಾತ್ರ, ಮೈತುಂಬ ರೋಮ, ಸತ್ತ ಇಲಿಯ ನಾತ. ಗುಡ್ಡದ ನರಿಗಳನ್ನು ಬಿಟ್ಟರೆ ಅದನ್ನು ಬಾಯಿಗಿಟ್ಟವರಿಲ್ಲ. ಕಲ್ಲುಗಣಿ ಗುಡ್ಡವನ್ನು ತಿಂದು ಮುಗಿಸಿದ ಮೇಲೆ ನರಿಗಳೂ ಇಲ್ಲ. ಹೊಲದ ಟೊಮೆಟೊವನ್ನೆಲ್ಲ ಕಪ್ಪಾಗಿಸಿ ಕೊಳೆಸುವ ರೋಗ ಈ ಕಾಡು ದಾಯಾದಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಉಳಿದಿದ್ದು ಒಂದೇ ಗಿಡ. ಅದೂ ಬುಡದಿಂದ ಒಣಗುತ್ತಿತ್ತು. ಅದರ ಬೀಜವೋ, ಏನು ಮಾಡಿದರೂ ಮೊಳೆಯದು. ಮೇಡಂ ಉಜ್ಜಿ ನೋಡಿದ್ದಳು, ಆಮ್ಲದಲ್ಲಿ ಅದ್ದಿದ್ದಳು, ಮಂಜುಗಡ್ಡೆಯಲ್ಲಿ ಇಟ್ಟಿದ್ದಳು.

"ಇನ್ನೊಂದು ದಾರಿ ಇದೆ ಸರ್. ಆ ನಾಲ್ಕು ಹಣ್ಣು ನನಗೆ ಕೊಡಿ," ಎಂದು ಹಿಂದಿನ ವಾರ ಬೇಡಿಕೊಂಡಿದ್ದಳು.

"ಸಾಕಮ್ಮ ನಿನ್ನ ದಾರಿಗಳು! ಸ್ಪಿರಿಟ್ ಬಾಟಲಿಗೆ ಹಾಕಿ ಅತಿಥಿಗಳಿಗೆ ತೋರಿಸೋಣ. ಸತ್ತ ಮೇಲಾದರೂ ಚೆಂದ ಕಾಣ್ಲಿ."

ಹಾಗೆಂದು, ಹಲ್ಲಿನ ಸಂದಿಯಿಂದ ತೆಗೆದದ್ದನ್ನು ಅವಳ ಮೇಜಿನ ಅಂಚಿಗೆ ಒರೆಸಿ ಹೋಗಿದ್ದರು.

ಹಸಿರುಮನೆಯ ಬೀಗದ ಕೈ ಇದ್ದದ್ದು ಸಾಹೇಬರು, ಮೇಡಂ ಇಬ್ಬರ ಬಳಿ ಮಾತ್ರ.

"ಮೊದಲು ಅವರ ಬಾಯಿ ಮೂಸಬೇಕಿತ್ತು ಮೇಡಂ," ಎಂದ ಡ್ರೈವರ್, ಟೀ ಕಾಯಿಸುತ್ತ. "ದಿನಾ ನನ್ನ ಡಬ್ಬಿ ಅರ್ಧ ಖಾಲಿ ಮಾಡೋ ಮಹಾನುಭಾವರು ಅದನ್ನ ಬಿಡ್ತಾರಾ?"

"ಯಾರೇ ತಿಂದಿರಲಿ, ಅಗಿದಿರಬಾರದು ಅಷ್ಟೆ."

"ಆ ನಾತದ್ದನ್ನ ಅಗಿಯೋದುಂಟಾ? ಕಣ್ಣು ಮುಚ್ಚಿ ನುಂಗಿರಬೇಕು."

ಅವಳು ನಗಲಿಲ್ಲ. ಅಂದು ಅವಳ ಊಟದ ಡಬ್ಬಿ ಮುಚ್ಚಿದ್ದು ಮುಚ್ಚಿದಂತೆಯೇ ಮನೆಗೆ ಹೋಯಿತು.

ಮರುದಿನ ಹೊಟ್ಟೆ ಸರಿಯಿಲ್ಲವೆಂದು ಮತ್ತೆ ಮತ್ತೆ ಎದ್ದು ಹೋದಳು. ಅಂದೇ ಟೀ ಸೋಸುವ ಜಾಲರಿಯೂ ಕಾಣೆಯಾಯಿತು. ಸಾಹೇಬರು ಬಾಯಿಗೆ ಬಂದ ಟೀ ಸೊಪ್ಪನ್ನು ನೆಲಕ್ಕೇ ಥೂ ಥೂ ಎಂದು ಉಗಿದರು.

ಅದರ ಮಾರನೆಯ ದಿನ ಜಾಲರಿ ತನ್ನ ಮೊಳೆಯಲ್ಲಿ ತೂಗುತ್ತಿತ್ತು.

"ಹಿಂದಿನ ಕಸದ ಬುಟ್ಟೀಲಿ ಬಿದ್ದಿತ್ತು ಮೇಡಂ, ಯಾವ ಪುಣ್ಯಾತ್ಮ ಎಸೆದನೋ! ತಿಕ್ಕಿ ತೊಳೆದೆ. ಹೊಸದರ ಹಾಗಿದೆ," ಎನ್ನುತ್ತ ಡ್ರೈವರ್ ತನ್ನ ಲೋಟ ಎತ್ತಿಕೊಳ್ಳಲು ಹೋದ. ಅವಳ ಮೊಣಕೈ ತಾಗಿ ಅದು ಉರುಳಿತು. ಇನ್ನೊಂದು ಕಾವಲುಗಾರನದು, ಅದೂ ಉರುಳಿತು.

ಪಕ್ಕದಲ್ಲೇ ಇದ್ದ ಸಾಹೇಬರ ಲೋಟಕ್ಕೆ ಏನೂ ತಾಗಲಿಲ್ಲ.

ಅಂದಿನಿಂದ ಅವಳು ಮನೆಯಿಂದ ಫ್ಲಾಸ್ಕಿನಲ್ಲಿ ಕಾಫಿ ತಂದು ಡ್ರೈವರ್, ಕಾವಲುಗಾರ ಇಬ್ಬರಿಗೂ ಕೊಡತೊಡಗಿದಳು. ಸಾಹೇಬರಿಗೆ ಟೀಯೇ ಆಗಬೇಕು.

ತಿಂಗಳು ತುಂಬುವಷ್ಟರಲ್ಲಿ ಗಿಡ ಸತ್ತಿತು. ಅದರ ಪಕ್ಕದ ಟ್ರೇಯಲ್ಲಿ ಮಾತ್ರ ಮೊಳಕೆಗಳು ತಲೆಯೆತ್ತಿದ್ದವು. ಎಲೆಯ ಮೇಲೆ ಅದೇ ರೋಮ. ಬೆರಳಲ್ಲಿ ಸವರಿದರೆ ಅದೇ ನಾತ.

ಸಾಹೇಬರು ಟೀ ಲೋಟ ಹಿಡಿದೇ ಓಡಿಬಂದರು.

"ಓಹೋ, ಕದ್ದೋಳು ನೀನೇ ಅನ್ನು! ಹೋಗ್ಲಿ, ಬಿಟ್ಟಿದ್ದೀನಿ. ಆದ್ರೆ ನಾಳೆ ಅತಿಥಿಗಳ ಮುಂದೆ ಇದು ನನ್ನ ವಿಧಾನ. ನಾನೇ ಹೇಳ್ತೀನಿ, ನೀನು ಬಾಯಿ ಬಿಡಬೇಡ. ಬೀಜಕ್ಕೆ ಏನು ಮಾಡ್ದೆ? ಬೇಗ ಹೇಳು."

ಸೊರ್ರೆಂದು ಹೀರಿದರು. ಅವಳು ಕೊನೆಯ ಗುಟುಕಿನ ತನಕ ಕಾದಳು.

"ನರಿ ಮಾಡ್ತಿದ್ದುದನ್ನೇ ಮಾಡಿದೆ ಸರ್. ಹಣ್ಣು ನುಂಗಿದೆ, ಮಾರನೇ ದಿನ ಹೊರಗೆ ಬಂದದ್ದನ್ನ ನಿಮ್ಮ ಟೀ ಸೋಸೋ ಜಾಲರೀಲೇ ಸೋಸಿದೆ."