ಬೋರಲು ಹಾಕಿದ ಲೋಟ

"ಮಾತ್ರೆನ ಯಾವುದರ ಜೊತೆ ಕೊಡ್ತಿದೀರಿ?" ಎಂದು ಡಾಕ್ಟರಮ್ಮ ಕೇಳಿದ್ದೇ ತಡ, ಹಾಲಿನ ವ್ಯಾನ್ ಓಡಿಸುವ ಅಪ್ಪನ ಎದೆ ಉಬ್ಬಿತು. "ಹಾಲಲ್ಲೇ ಮೇಡಂ! ವರ್ಷದಿಂದ ಒಂದು ದಿನಾನೂ ತಪ್ಪಿಸಿಲ್ಲ. ಕುಡಿದಾದ ಮೇಲೆ ಲೋಟ ಬೋರಲು ಹಾಕಿ ನೋಡ್ತೀನಿ, ಒಂದು ಹನೀನೂ ಉಳಿದಿರಬಾರದು."

"ನಾನೇನು ಮಗಳಾ, ಕರುನಾ ಅಂತ ಎಷ್ಟೋ ಸಲ ಕೇಳಿದೀನಿ ಮೇಡಂ," ಎಂದು ಮಗಳು ನಕ್ಕಳು. ಡಾಕ್ಟರಮ್ಮ ನಗಲಿಲ್ಲ. ರಕ್ತ ಏರದೆ ಹುಡುಗಿಯ ಬೆನ್ನಿನ ಆಪರೇಷನ್ ಅಂದು ಮೂರನೇ ಸಲ ಮುಂದಕ್ಕೆ ಹೋಗಿತ್ತು. "ಹಾಲು ಒಳ್ಳೇದೇ ಯಜಮಾನ್ರೇ. ಆದ್ರೆ ಮಾತ್ರೆ ಜೊತೆ ಬೇಡ. ಅದರಲ್ಲಿರೋ ಕಬ್ಬಿಣ ಮೈಗೆ ಸರಿಯಾಗಿ ಹತ್ತೋಕೆ ಹಾಲು ಬಿಡಲ್ಲ. ಎರಡು ಗಂಟೆ ಅಂತರ ಇರಲಿ. ಮಾತ್ರೆಗೆ ನಿಂಬೆಹಣ್ಣು ಹಿಂಡಿದ ನೀರು ಕೊಡಿ."

ಮಾಂಸ, ಮೊಟ್ಟೆ ಮುಟ್ಟದ ಮನೆಯಲ್ಲಿ ಹಾಲೇ ರಕ್ತವಾಗುತ್ತದೆಂದು ನಂಬಿದ್ದವನು ಅವನು. ಊರಿಗೆಲ್ಲ ಹಾಲು ಹಂಚಿ, ಕೆನೆಗಟ್ಟಿದ ಲೋಟವನ್ನು ಮಗಳಿಗೆಂದೇ ಎತ್ತಿಡುತ್ತಿದ್ದ. ವಾಸನೆಗೇ ಮುಖ ಕಿವುಚುವ ಅವಳು ಅಪ್ಪನಿಗಾಗಿ ಮೂಗು ಹಿಡಿದು ಕುಡಿಯುತ್ತಿದ್ದಳು.

ಮರುದಿನ ಬೆಳಿಗ್ಗೆ ಅವನು ನಿಂಬೆ ನೀರಿನ ಲೋಟ ತಂದು ಅವಳ ಮುಂದಿಟ್ಟ. ಎದುರು ಕೂರಲಿಲ್ಲ, ಬೆನ್ನು ತಿರುಗಿಸಿ ಕಿಟಕಿಯ ಹತ್ತಿರ ನಿಂತ. "ಅಪ್ಪಾ, ಇಲ್ಲಿ ನೋಡು," ಎಂದಳು ಮಗಳು. ಅವನು ಕಣ್ಣೊರೆಸಿಕೊಂಡು ತಿರುಗಿದ. ಅವಳು ಖಾಲಿ ಲೋಟವನ್ನು ತಾನೇ ಬೋರಲು ಹಿಡಿದು ಕೂತಿದ್ದಳು.