ರಾಜಧಾನಿಯಲ್ಲಿ ಮೂರು ಕಡೆ ಊಟ

ಮೊದಲ ಚಮಚಕ್ಕೇ ತಾಯಿ ಮುಖ ಕಿವಿಚಿದಳು.

“ಇದು ಸೂಪಾ? ಪಾತ್ರೆ ತೊಳೆದ ನೀರು ಇದಕ್ಕಿಂತ ವಾಸಿ.”

ಎದುರಿಗೆ ಕೂತಿದ್ದ ಟ್ಯಾಕ್ಸಿಯವನಿಗೆ ತನ್ನ ಮನೆಯವರನ್ನೇ ಬೈದ ಹಾಗಾಯಿತು. ರಾಜಧಾನಿಯಲ್ಲಿ ಕುರಿಮಾಂಸದ ಸೂಪು ಕುಡಿಯಬೇಕೆಂದರೆ ಇದೇ ಜಾಗ ಎಂದು ಹತ್ತೊಂಬತ್ತು ವರ್ಷಗಳಿಂದ ಎಷ್ಟೋ ಜನರನ್ನು ಕರೆತಂದಿದ್ದ. ಒಬ್ಬರೂ ಬಟ್ಟಲಿನಲ್ಲಿ ಹನಿ ಉಳಿಸಿರಲಿಲ್ಲ.

ಬಾಯಿಗೆ ಬಂದ ಮಾತನ್ನು ನುಂಗಿಕೊಂಡ. ಬೆಳಿಗ್ಗೆ ಲಾಡ್ಜಿನ ಮ್ಯಾನೇಜರು ಪಕ್ಕಕ್ಕೆ ಕರೆದು ಹೇಳಿದ್ದು ನೆನಪಿತ್ತು.

“ತಾಯಿ ಮಗಳು ಬಂದಿದಾರೆ. ಸಂಜೆ ದೊಡ್ಡಾಸ್ಪತ್ರೆಗೆ ಸೇರ್ಬೇಕಂತೆ. ನಾಳೆ ಆಪರೇಷನ್ನು, ನಾಲಗೆ ಪೂರ್ತಿ ತೆಗೀತಾರೆ. ಬಾಯಿರುಚಿ ಅನ್ನೋದು ಇವತ್ತೊಂದೇ ದಿನ. ಒಳ್ಳೇ ಕಡೆ ಊಟ ಮಾಡಿಸು ಮಾರಾಯ, ಪುಣ್ಯ ಬರುತ್ತೆ.”

ಹೊರಗೆ ಬಂದು ನೋಡಿದರೆ ತಾಯಿ ಆಸ್ಪತ್ರೆಯ ಫೈಲನ್ನು ಎದೆಗವುಚಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತೂ ಅತ್ತೂ ಕಣ್ಣು ಬಾತಿದ್ದವು. ಇಪ್ಪತ್ತರ ಆಸುಪಾಸಿನ ಮಗಳು ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡಿದ್ದ ಚೂರೊಂದನ್ನು ಅವನ ಕೈಗಿಟ್ಟಳು. ‘ರಾಜಧಾನಿಗೆ ಬಂದವರು ಎಲ್ಲಿ ಉಣ್ಣಬೇಕು?’

“ಪೇಪರಿನವರ ಮಾತು ಬಿಡಮ್ಮ,” ಎಂದಿದ್ದ ಅವನು. “ಅವರು ಬರೆಯೋ ಕಡೆ ಕುರ್ಚಿ ಚೆನ್ನಾಗಿರುತ್ತೆ, ಊಟ ಅಲ್ಲ. ನನ್ನ ಜೊತೆ ಬನ್ನಿ. ಬೆರಳು ಚೀಪೋ ಹಾಗೆ ಮಾಡದಿದ್ರೆ ನನ್ನ ಹೆಸರು ಬೇರೆ ಇಡಿ.”

ಮಗಳು ನಕ್ಕಿದ್ದಳು. ಮಾತು ಕಡಿಮೆಯ ಹುಡುಗಿ.

ಈಗ ಅವಳು ಸೂಪು ಪೂರ್ತಿ ಆರುವವರೆಗೆ ಕಾದು, ಒಂದೊಂದೇ ಚಮಚ ಕುಡಿದಳು. ನಡುನಡುವೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಅಳು ತಡೆದುಕೊಳ್ಳುತ್ತಿದೆ ಪಾಪ, ಎಂದುಕೊಂಡ ಟ್ಯಾಕ್ಸಿಯವನು.

ತಾಯಿ ಮಾತ್ರ ಬಿಡಲಿಲ್ಲ. “ಸಾಕು ಬಿಡೇ. ಆ ಕುರಿ ಮುದಿಯಾಗಿ ತಾನೇ ಸತ್ತಿರಬೇಕು. ತಿಥಿ ಊಟಕ್ಕೆ ನಮ್ಮನ್ನ ಕರೆದಿದಾರೆ.”

ಮಗಳು ಕರವಸ್ತ್ರದೊಳಗೇ ಕಿಸಕ್ಕನೆ ನಕ್ಕಳು.

ಎರಡನೆಯದು ಸೇತುವೆ ಪಕ್ಕದ ಮೀನಿನಂಗಡಿ. ನಿಂತು ತಿನ್ನುವವರ ನಡುವೆ ನುಗ್ಗಿ ಟ್ಯಾಕ್ಸಿಯವನು ಇಬ್ಬರಿಗೂ ಸ್ಟೂಲು ಹಿಡಿದುಕೊಟ್ಟ. ಮಗಳು ಮೀನನ್ನು ಕೂದಲಿನಷ್ಟು ಸಣ್ಣಗೆ ಬಿಡಿಸುತ್ತ ಕೂತಳು. ತಾಯಿ ಒಂದು ಚೂರು ಬಾಯಿಗೆ ಹಾಕಿಕೊಂಡು, “ಮೀನಿಗಿಂತ ಎಣ್ಣೆಗೇ ವಯಸ್ಸು ಜಾಸ್ತಿ,” ಎಂದಳು.

“ಅಕ್ಕ, ಮಂತ್ರಿಗಳು ಕಾರು ಕಳಿಸಿ ಇಲ್ಲಿಂದ ಪಾರ್ಸೆಲ್ ತರಿಸ್ಕೊಳ್ತಾರೆ!”

“ಅದಕ್ಕೇ ದೇಶ ಹೀಗಿದೆ.”

ಮಗಳ ಹೆಗಲು ನಗುವಿನಿಂದ ಕುಲುಕಿದವು. ಅವನಿಗೆ ನಗು ಬರಲಿಲ್ಲ. ಗಂಟೆ ಮೂರು ದಾಟಿತ್ತು. ಐದಕ್ಕೆ ಇವರನ್ನು ಆಸ್ಪತ್ರೆಗೆ ಬಿಡಬೇಕು. ಈ ಹೆಂಗಸು ‘ಚೆನ್ನಾಗಿದೆ’ ಅನ್ನುವ ಒಂದೇ ಒಂದು ತುತ್ತು ಸಿಗದೆ ಹೋಗಿಬಿಟ್ಟರೆ? ತಾನು ದಿನಾ ಮನೆಯಲ್ಲಿ ತಟ್ಟೆಗೆ ಬಡಿಸಿದ್ದನ್ನು ಏನೆಂದೂ ನೋಡದೆ ಒಳಗೆ ತಳ್ಳುವುದು ನೆನಪಾಗಿ ನಾಚಿಕೆಯೆನಿಸಿತು. ಉಳಿದಿದ್ದು ಒಂದೇ ಜಾಗ. ಅದನ್ನು ಅವನು ಗಿರಾಕಿಗಳಿಗೆ ತೋರಿಸುತ್ತಿರಲಿಲ್ಲ.

ರೈಲು ನಿಲ್ದಾಣದ ಹಿಂದೆ, ನಾಲ್ಕೇ ಮೇಜಿನ ಕೋಣೆ. ಅಡುಗೆಯವಳು ಒಬ್ಬ ಅಜ್ಜಿ. ಮದುವೆಯಾದ ವಾರ ಅವನು ಹೆಂಡತಿಯನ್ನು ಕರೆತಂದಿದ್ದು ಇಲ್ಲಿಗೇ. ಗಂಟೆಗಟ್ಟಲೆ ಕುದಿಸಿ ಕೆನೆಗಟ್ಟಿಸಿದ ಹಾಲಿನ ಸಿಹಿ, ಮಣ್ಣಿನ ಬಟ್ಟಲಿನಲ್ಲಿ ತಣ್ಣಗೆ ಬಂತು.

ತಾಯಿ ಬಾಯಿಗಿಟ್ಟುಕೊಂಡಳು. ಕಣ್ಣು ತಾವಾಗಿ ಮುಚ್ಚಿದವು. ಟ್ಯಾಕ್ಸಿಯವನು ಉಸಿರು ಬಿಗಿಹಿಡಿದ.

“ಸಕ್ಕರೆ ಸುರಿದಿದಾರೆ, ಅಷ್ಟೇ,” ಎಂದಳು. “ನಮ್ಮ ಹಾಸ್ಟೆಲಿನ ಗಂಜಿ ಇದಕ್ಕಿಂತ ಮೇಲು.”

ಮಗಳು ಬಟ್ಟಲನ್ನು ತಳದವರೆಗೂ ಬಳಿದಳು. ಆಮೇಲೆ ಗಂಟಲು ಕಟ್ಟಿದವಳ ಹಾಗೆ ದಪ್ಪ ದನಿಯಲ್ಲಿ ಹೇಳಿದಳು. “ಹೌದಮ್ಮ. ಅಂಥಾದ್ದೇನಿಲ್ಲ.”

ಕೈ ತೊಳೆಯಲೆಂದು ಹಿಂದೆ ಹೋದ ತಾಯಿ ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕಿಕೊಂಡು ಹೋದ ಟ್ಯಾಕ್ಸಿಯವನು ಅಡುಗೆಮನೆಯ ಬಾಗಿಲಲ್ಲೇ ನಿಂತ. ಅವಳು ಅಜ್ಜಿಯ ಒದ್ದೆ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಿದ್ದಳು.

“ಇಂಥದ್ದನ್ನ ಜನ್ಮದಲ್ಲಿ ತಿಂದಿಲ್ಲಜ್ಜಿ. ನಾನೂ ಮೂವತ್ತು ವರ್ಷ ಹಾಸ್ಟೆಲಿನಲ್ಲಿ ಒಲೆ ಮುಂದೆ ನಿಂತವಳೇ. ಇನ್ನೊಬ್ಬರ ಕೈಯಡುಗೆ ಹಳಿಯೋಳಲ್ಲ. ಅಲ್ಲಿ ಆಡಿದ ಮಾತು ಮನಸ್ಸಿಗೆ ಹಾಕ್ಕೋಬೇಡಿ.”

ಹೊರಬಂದವಳನ್ನು ಅವನು ತಡೆದು ಕೇಳಿದ. “ಮತ್ಯಾಕಕ್ಕ, ಬೆಳಿಗ್ಗೆಯಿಂದ ಹೀಗೆ?”

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ಚೆನ್ನಾಗಿದೆ ಅಂತ ಒಪ್ಕೊಂಡ್ರೆ, ಹೋಗೋದು ಎಷ್ಟು ದೊಡ್ಡದು ಅಂತ ಗೊತ್ತಾಗಿಬಿಡುತ್ತಲ್ಲಪ್ಪ. ಈ ಊರಲ್ಲಿ ತಿನ್ನೋ ಅಂಥದ್ದು ಏನೂ ಇರಲಿಲ್ಲ ಅಂದ್ಕೊಂಡು ಒಳಗೆ ಹೋಗೋದು ವಾಸಿ.”

ತನಗೆ ತಾನೇ ಸುಳ್ಳು ಹೇಳಿಕೊಂಡು ಧೈರ್ಯ ತಂದುಕೊಳ್ಳುವ ಹೆಂಗಸಿನ ಮೇಲೆ ಅವನು ದಿನವಿಡೀ ಒಳಗೊಳಗೇ ಸಿಡುಕಿದ್ದ.

ಐದಕ್ಕೆ ಹತ್ತು ನಿಮಿಷ ಇರುವಾಗ ಆಸ್ಪತ್ರೆ ಬಂತು. ಬ್ಯಾಗು ತಾನೇ ಹೊತ್ತುಕೊಂಡು ವಾರ್ಡಿನ ಬಾಗಿಲವರೆಗೂ ಹೋದ. ಅಲ್ಲಿ ತಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಮಗಳು ಅವಳ ಹೆಗಲು ಬಳಸಿ ನಿಂತಳು.

“ಹೆದರ್ಬೇಡಿ ಅಕ್ಕ,” ಎಂದ ಟ್ಯಾಕ್ಸಿಯವನು. “ಗಟ್ಟಿಗಿತ್ತಿ ನಿಮ್ಮ ಮಗಳು. ನಿಮ್ಮನ್ನ ಚೆನ್ನಾಗಿ ನೋಡ್ಕೋತಾಳೆ.”

ತಾಯಿ ಅವನ ಮುಖವನ್ನೇ ನೋಡಿದಳು.

ಹೆಸರು ಬರೆದ ಪ್ಲಾಸ್ಟಿಕ್ ಪಟ್ಟಿ ಹಿಡಿದು ನರ್ಸ್ ಬಂದಳು. “ನಾಳೆ ಆಪರೇಷನ್ ಇರೋರು ಕೈ ಕೊಡಿ.”

ಮಗಳು ತಾಯಿಯ ಹೆಗಲ ಮೇಲಿದ್ದ ಕೈಯನ್ನು ಮೆಲ್ಲಗೆ ತೆಗೆದು ಮುಂದೆ ಚಾಚಿದಳು.