ಅತ್ತೆಯ ತಟ್ಟೆ

ಶೇಂಗಾ ಚಿಕ್ಕಿಯ ಡಬ್ಬಿ ಮತ್ತೆ ಖಾಲಿಯಾಗಿತ್ತು. ದಾಕ್ಷಾಯಿಣಿ ಅದನ್ನು ತಲೆಕೆಳಗು ಮಾಡಿ ತಳಕ್ಕೆ ಏಟು ಕೊಟ್ಟಳು. ಬೆಲ್ಲದ ಪುಡಿ ಉದುರಿತು, ಅಷ್ಟೆ. ಕೊನೆಯ ತುಂಡುಗಳು ಅತ್ತೆಯ ತಟ್ಟೆಯಲ್ಲಿದ್ದವು.

"ಇದನ್ನೂ ಮುಗಿಸಿದ್ರಾ ಅತ್ತೆ? ಸಕ್ಕರೆ ಕಾಯಿಲೆ ಇಟ್ಕೊಂಡು?"

"ನನ್ನ ಹೊಟ್ಟೆ, ನನ್ನ ಕಾಯಿಲೆ," ಎಂದಳು ತಿಪ್ಪೇರುದ್ರಮ್ಮ. "ಸಂಗಮೇಶಂಗೆ ಹೇಳಿ ಇನ್ನೊಂದು ಡಬ್ಬಿ ತರ್ಸು."

ಬಾಗಿಲ ಪಕ್ಕ ದಾಕ್ಷಾಯಿಣಿಯ ಏಳು ವರ್ಷದ ಮಗಳು ಇಂಚರ ಕೂತಿದ್ದಳು. ಶಾಲೆಯ ಲಂಗ ಜಾರದಂತೆ ಸೊಂಟಕ್ಕೆ ಪಿನ್ನು ಹಾಕಬೇಕಾದಷ್ಟು ಸೊರಗಿದ್ದ ಹುಡುಗಿ. ತಳಕು ಎಂಬ ಊರಿನ ಮದುವೆಯೊಂದರಲ್ಲಿ ಶೇಂಗಾ ಬೀಜ ಗಂಟಲಿಗೆ ಸಿಕ್ಕಿ ಮುಖ ನೀಲಿಯಾಗಿತ್ತು. ಯಾರೋ ಬೆನ್ನಿಗೆ ಗುದ್ದಿ ಹೊರಬೀಳಿಸಿದ್ದರು. ಅಂದಿನಿಂದ ಅಗಿಯುವಂಥದ್ದು ಏನನ್ನೂ ಬಾಯಿಗಿಡಲು ಒಪ್ಪಲಿಲ್ಲ. ಸೋಸಿದ ಗಂಜಿ, ಹಾಲು. ತುತ್ತು ಹತ್ತಿರ ಬಂದರೆ ಕುತ್ತಿಗೆ ಹಿಡಿದುಕೊಂಡು ಅಳುತ್ತಿದ್ದಳು. ದಾಕ್ಷಾಯಿಣಿ ಬೇಡಿದಳು, ಆಟಿಕೆ ಕೊಡಿಸಿದಳು, ಮೂಗು ಹಿಡಿದು ತುರುಕಿದಳು, ಹೊಡೆದಳು. ಆಮೇಲೆ ಬಚ್ಚಲಲ್ಲಿ ನಿಂತು ತಾನೂ ಅತ್ತಳು.

ಗಂಟಲ ಡಾಕ್ಟರು ಟಾರ್ಚು ಬಿಟ್ಟು ನೋಡಿ ಏನೂ ಇಲ್ಲ ಎಂದರು. ಸ್ಕ್ಯಾನಿನಲ್ಲೂ ಏನೂ ಇರಲಿಲ್ಲ. ಮೊಳಕಾಲ್ಮುರಿನ ತವರಿನವರು ದೃಷ್ಟಿಯಾಗಿದೆಯೆಂದು ತಾಯತ ಕಟ್ಟಿಸಿದರು. ಮಕ್ಕಳ ಡಾಕ್ಟರು ಮಾತ್ರ, ತೂಕ ಹೀಗೇ ಇಳಿದರೆ ಅಡ್ಮಿಟ್ ಮಾಡಿ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದು ಹೇಳಿ, ವಾರಕ್ಕೊಮ್ಮೆ ಚಳ್ಳಕೆರೆಗೆ ಬರುವ ಡಾಕ್ಟರ್ ಶೈಲಜಾ ಬಳಿ ಕಳಿಸಿದರು.

ದಾಕ್ಷಾಯಿಣಿಯ ಪಿತ್ತ ನೆತ್ತಿಗೇರಿದ್ದು ಅಲ್ಲೇ. ಬಾಗಿಲ ಮೇಲೆ ಮನೋರೋಗ ತಜ್ಞೆ ಎಂಬ ಬೋರ್ಡಿತ್ತು.

"ಗಂಟಲು ಚೆನ್ನಾಗಿದೆ. ಒಳಗೆ ಭಯ ಕೂತಿದೆ," ಎಂದರು ಡಾಕ್ಟರು. "ಅದಕ್ಕೂ ಚಿಕಿತ್ಸೆ ಇದೆ. ಮೊದಲು ಮನೆಯವರು..."

"ನನ್ನ ಮಗಳಿಗೆ ಹುಚ್ಚು ಅಂತೀರಾ?"

ಉಳಿದದ್ದನ್ನು ಕೇಳಲು ದಾಕ್ಷಾಯಿಣಿ ನಿಲ್ಲಲಿಲ್ಲ. ಮಗುವಿನ ಕೈ ಎಳೆದುಕೊಂಡು ಹೊರಬಂದು ಜಾಕಿರನ ಆಟೋದಲ್ಲಿ ಕೂತಳು. ಜೊತೆಗೆ ಬಂದಿದ್ದ ಅತ್ತೆ ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಬಂದವಳು, "ಚಪ್ಪಲಿ ಅದಲುಬದಲಾಗಿದ್ವು, ಹುಡುಕ್ತಿದ್ದೆ," ಎಂದಳು.

ಅತ್ತೆಗೆ ತಿನ್ನುವ ಚಟ ಹತ್ತಿದ್ದು ಆಮೇಲೆ.

ಸೋಮವಾರದ ಒಪ್ಪತ್ತನ್ನು ಎಂದೂ ತಪ್ಪಿಸದವಳು ಅದನ್ನೂ ಬಿಟ್ಟಳು. ವಸಡು ನೋಯುತ್ತದೆಂದು ಮದುವೆಮನೆಗಳಿಗೆ ಮಾತ್ರ ಹಾಕಿಕೊಳ್ಳುತ್ತಿದ್ದ ಹಲ್ಲು ಸೆಟ್ಟು ಈಗ ಬೆಳಗಾದರೆ ಬಾಯಲ್ಲಿರುತ್ತಿತ್ತು. ಮೊದಮೊದಲು ಮೊಸರನ್ನ ಸಾಕಾಗುತ್ತಿತ್ತು. ಆಮೇಲೆ ಬಾಳೆಹಣ್ಣು ಬಂತು. ಆಮೇಲೆ ಇಡ್ಲಿ, ರೊಟ್ಟಿ, ಒಗ್ಗರಣೆ ಮಂಡಕ್ಕಿ. ದಿನ ಕಳೆದಂತೆ ನಾಲಗೆಯ ಚಪಲ ಹೆಚ್ಚಿತು. ಇಂಚರ ಆಡುವ ಜಾಗದಲ್ಲೇ ಕೂತು, ಚಪ್ಪರಿಸಿ ತಿನ್ನುತ್ತಿದ್ದಳು. ಮಗುವಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು, "ಯಾರೂ ಮುಟ್ಟಂಗಿಲ್ಲ, ಇದು ನಂದು," ಎನ್ನುತ್ತಿದ್ದಳು.

"ನಿಮ್ಮವ್ವಂಗೆ ಒಂದು ಮಾತು ಹೇಳ್ರಿ," ಎಂದು ದಾಕ್ಷಾಯಿಣಿ ಗಂಡನ ಮೇಲೆ ಹರಿಹಾಯ್ದಳು.

ಸಂಗಮೇಶ್ ತನ್ನ ದನದ ಹಿಂಡಿ ಅಂಗಡಿಯ ಬೀಗದ ಕೈ ಹುಡುಕುತ್ತಿದ್ದ. "ವಯಸ್ಸಾಗೈತೆ, ಏನೋ ತಿಂತಾಳೆ ಬಿಡು."

"ಹಸಿದ ಮಗು ಮುಂದೆ ಕೂತು ತಿನ್ನೋಳು ಅಜ್ಜೀನಾ?"

ಅವನಿಗೆ ಬೀಗದ ಕೈ ಸಿಕ್ಕಿತು. ಹೋದ.

ಒಂದೇ ಸಮಾಧಾನವೆಂದರೆ, ಮೆಡಿಕಲ್ ಶಾಪಿನ ಯಂತ್ರದಲ್ಲಿ ಇಂಚರಳ ತೂಕ ಇಳಿಯುವುದು ನಿಂತಿತ್ತು. ದಾಕ್ಷಾಯಿಣಿ ತಾಯತವನ್ನು ಕಣ್ಣಿಗೊತ್ತಿಕೊಂಡಳು. ತವರಿನಲ್ಲೇ ಇದ್ದರೆ ಮಗು ಪೂರ್ತಿ ಸರಿಹೋದೀತು ಎಂಬ ಯೋಚನೆ ಆಗಲೇ ಮೊಳೆತಿತ್ತು.

ಇವತ್ತು ಖಾಲಿ ಡಬ್ಬಿ ಅದನ್ನು ಗಟ್ಟಿ ಮಾಡಿತು.

"ಶೇಂಗಾ ಕಂಡ್ರೆ ಮಗು ನಡುಗುತ್ತೆ. ಅದನ್ನೇ ಅವಳ ಮುಂದೆ ಕಟಕಟ ಅಂತ ತಿಂತೀರಲ್ಲ. ನಿಮಗೆ ಕರುಳಿಲ್ವಾ?"

"ನಿನ್ನಷ್ಟಿಲ್ಲ ಕಣವ್ವ."

"ಒಂದು ದಿನಾನಾದ್ರೂ ಒಂದು ತುತ್ತು ತಿನ್ನು ಮಗಾ ಅಂದಿದ್ದೀರಾ?"

"ನಾನ್ಯಾಕೆ ಅನ್ಲಿ?" ತಿಪ್ಪೇರುದ್ರಮ್ಮ ಇನ್ನೊಂದು ತುಂಡು ಮುರಿದಳು. "ಅನ್ನೋಕೆ ನೀನಿದ್ದೀಯಲ್ಲ."

ದಾಕ್ಷಾಯಿಣಿ ಕೋಣೆಗೆ ಹೋಗಿ ಬ್ಯಾಗು ತೆಗೆದಳು. ಮಗುವಿನ ಬಟ್ಟೆ, ತನ್ನ ಸೀರೆಗಳು, ಸ್ಕ್ಯಾನಿನ ಕವರು. ಜಿಪ್ಪು ಎರಡು ಸಲ ಸಿಕ್ಕಿಕೊಂಡಿತು. ಈ ಮನೆಯ ಹೊಸ್ತಿಲು ಇನ್ನು ತುಳಿಯಬಾರದು. ಜಾಕಿರನಿಗೆ ಫೋನು ಮಾಡಿದಳು. ಪಕ್ಕದ ಬೀದಿಯಿಂದ ಆಟೋ ಬಂದು ಬಾಗಿಲಲ್ಲಿ ನಿಂತಿತು.

"ಬೇಗ ಅಕ್ಕಾ," ಅವನು ಕೂಗಿದ. "ಮೊಳಕಾಲ್ಮುರು ಬಸ್ಸು ನಿಮಗೋಸ್ಕರ ಕಾಯಲ್ಲ. ಅದರ ಡ್ರೈವರ್ ಏನು ನನ್ನ ಭಾವನಾ?"

ದಾಕ್ಷಾಯಿಣಿ ಬ್ಯಾಗನ್ನು ಆಟೋದಲ್ಲಿಟ್ಟು, ಮಗುವನ್ನು ಕರೆದೊಯ್ಯಲು ಒಳಗೆ ಬಂದಳು. ಹೋಗುವ ಮುಂಚೆ ಅತ್ತೆಗೆ ಹೇಳಬೇಕಾದ ಮಾತುಗಳನ್ನು ನಾಲಗೆಯ ತುದಿಯಲ್ಲಿ ಜೋಡಿಸಿಕೊಂಡಿದ್ದಳು.

ಅಡುಗೆಮನೆಯ ಬಾಗಿಲಲ್ಲೇ ಅವಳ ಕಾಲುಗಳು ನಿಂತವು.

ಅತ್ತೆ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ತಟ್ಟೆ ಎಂದಿನಂತೆ ಬೆನ್ನ ಹಿಂದಿತ್ತು. ಇಂಚರ ತುದಿಗಾಲಲ್ಲಿ ಬಂದಳು. ನಗು ತಡೆಯಲು ಒಂದು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಬಗ್ಗಿ ಒಂದು ತುಂಡು ಎತ್ತಿಕೊಂಡಳು. ಬಾಯಿಗಿಟ್ಟಳು. ಕಟ್ ಎಂದಿತು. ಅಗಿದಳು, ನುಂಗಿದಳು, ಇನ್ನೊಂದು ತುಂಡು ಎತ್ತಿಕೊಂಡು ಹಿತ್ತಿಲಿಗೆ ಓಡಿದಳು.

ತಿಪ್ಪೇರುದ್ರಮ್ಮ ತಿರುಗಿ ನೋಡಲಿಲ್ಲ. ಹೆಜ್ಜೆಯ ಸದ್ದು ದೂರವಾಗುವವರೆಗೆ ಕಾದು, ಮಡಿಲಿನಿಂದ ಮೊಬೈಲು ತೆಗೆದು, ನಂಬರು ಒತ್ತಿ ಕಿವಿಗಿಟ್ಟುಕೊಂಡಳು.

"ಡಾಕ್ಟ್ರಮ್ಮ, ನೀವು ಹೇಳ್ದಂಗೇ ಆಯ್ತು, ಇವತ್ತು ಶೇಂಗಾನೂ ಕದ್ದು ತಿಂದ್ಲು, ಇನ್ನಾದ್ರೂ ಅವಳ ಅವ್ವಂಗೆ ವಿಷಯ ಹೇಳಿ, ನಾನು ಈ ಹಲ್ಲು ಸೆಟ್ಟು ತೆಗೆದಿಡ್ಲೇನ್ರಿ?"